ಮೂರನೆಯ ಕರೆ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ನಂಬುವುದಿದ್ದರೆ ನಂಬಿ, ಇಲ್ಲದಿದ್ದರೆ ಬಿಡಿ. ನಿಮ್ಮನ್ನು ನಂಬಿಸಿ ನನಗೆ ಆಗಬೇಕಾದ್ದೇನೂ ಇಲ್ಲ. ಆದದ್ದು ಆಯಿತು.

ಅದಕ್ಕೂ ಮೊದಲು ಗಂಟಲಲ್ಲಿ ಗಡ್ಡೆ ಎದ್ದು ಉಸಿರು ಕಟ್ಟಿತ್ತು. ಡಾಕ್ಟರು ಕುತ್ತಿಗೆಗೆ ತೂತು ಹಾಕಿ ನಳಿಗೆ ಇಟ್ಟರು, ಅದರೊಳಗೆ ತೆಗೆದು ತೊಳೆಯಲು ಬರುವ ಇನ್ನೊಂದು ಸಣ್ಣ ಒಳನಳಿಗೆ. ಅಂದಿನಿಂದ ಉಸಿರು ಹೋಗಿಬರುವುದು ಅದರಲ್ಲೇ. ಬೆರಳಿನಿಂದ ತೂತು ಮುಚ್ಚಿದರೆ ಒಂದು ಪಿಸುದನಿ ಬರುತ್ತದೆ, ಎದುರಿಗೆ ಕೂತವರಿಗೆ ಕೇಳುವಷ್ಟು. ಮೂಗಿನಲ್ಲಿ ಗಾಳಿ ಆಡುವುದಿಲ್ಲ, ವಾಸನೆಯೂ ಹತ್ತುವುದಿಲ್ಲ. ಸೊಸೆ ಕಸ್ತೂರಿ ಮನೆಗೆ ಬಂದದ್ದು ಇದೆಲ್ಲ ಆದ ಮೇಲೆ. ನನ್ನ ಹಳೆಯ ದನಿ ಅವಳು ಕೇಳಿಯೇ ಇಲ್ಲ.

ನಮ್ಮದು ಮುದ್ದೇಬಿಹಾಳದ ಕಡೆಯ ಹಳ್ಳಿ. ಅಂದು ಹೊಲದಲ್ಲಿ ತೊಗರಿ ರಾಶಿ. ದಿನವಿಡೀ ಹೊಟ್ಟು ಹಾರಿ, ನಳಿಗೆಯ ಮೇಲೆ ಕಟ್ಟಿದ ಒದ್ದೆ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಗ ರಾಶಿ ಕಾಯಲು ಹೊಲದಲ್ಲೇ ಉಳಿದ. ಮನೆಯಲ್ಲಿ ಅತ್ತೆ ಸೊಸೆ ನಾವಿಬ್ಬರೇ. ನಾನು ಪಡಸಾಲೆಯಲ್ಲಿ, ಅವಳು ಒಳಕೋಣೆಯಲ್ಲಿ.

ಕಣ್ಣು ಹತ್ತಿತ್ತೋ ಇಲ್ಲವೋ... ಉಸಿರು ನಿಂತಿತು.

ಒಣಗಿದ ಕಫ ನಳಿಗೆಯೊಳಗೆ ಬಿರಡೆಯಂತೆ ಕೂತಿತ್ತು. ಎದೆ ಎಳೆಯುತ್ತದೆ, ಗಾಳಿ ಬರುವುದಿಲ್ಲ. ಒಳನಳಿಗೆ ತಿರುವಿ ತೆಗೆಯಲು ಹೋದೆ, ಬೆರಳು ಜಾರಿದವು. ಕರೆಂಟು ಇರಲಿಲ್ಲ. ಅವಳನ್ನು ಕರೆಯಲೆಂದು ದಿಂಬಿನ ಬಳಿ ಒಂದು ತಾಟು, ಚಮಚ ಇಟ್ಟುಕೊಳ್ಳುತ್ತಿದ್ದೆ. ಕೈ ಚಾಚಿದೆ... ಬರೀ ನೆಲ. ಊಟದ ಭಾಂಡೆಯ ಜೊತೆ ಅದನ್ನೂ ತೊಳೆಯಲು ಒಯ್ದಿದ್ದಳು.

ಆಗ ವಾಸನೆ ಬಂತು. ಸುಟ್ಟ ತಂಬಾಕಿನದು. ನಾನು ಹಿಂದೆ ಹಲ್ಲಿಗೆ ತಿಕ್ಕುತ್ತಿದ್ದ ಮಸೇರಿ. ಆಸ್ಪತ್ರೆಗೆ ಹೋದ ದಿನದಿಂದ ಮನೆಯಲ್ಲಿ ಅದು ಚಿಟಿಕೆಯಷ್ಟೂ ಇಲ್ಲ.

"ಕಸ್ತೂರೀ..."

ಹೊಸ್ತಿಲ ಕಡೆಯಿಂದ. ದಪ್ಪ ದನಿ. ಕೇಳಿದ ಕೂಡಲೇ ಗುರುತು ಹತ್ತಿತು. ನನ್ನದೇ.

ಒಳಗೆ ಬಳೆ ಸದ್ದಾಯಿತು. ಅವಳಿಗೆ ಎಚ್ಚರವಾಗಿತ್ತು, ಏಳಲಿಲ್ಲ. ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಮೂರು ಸಲ ಆಗುವ ತನಕ ಓ ಅನ್ನಬಾರದು, ಮನುಷ್ಯರಲ್ಲದ್ದು ಮೂರನೆಯ ಸಲ ಕರೆಯುವುದಿಲ್ಲ ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

"ಕಸ್ತೂರೀ..."

ಎರಡು. ಕಾಲು ಬಡಿದೆ. ಕೌದಿಯಲ್ಲಿ ಸಿಕ್ಕು ಸದ್ದೇ ಆಗಲಿಲ್ಲ. ಅವಳು ಅಲ್ಲಿ ಎಣಿಸುತ್ತಾ ಮಲಗಿದ್ದಾಳೆ, ನಾನು ಇಲ್ಲಿ ಸಾಯುತ್ತಿದ್ದೇನೆ. ಕರೆಯುವುದು ಯಾವುದಾದರೂ ಇರಲಿ, ಇನ್ನೊಮ್ಮೆ ಕರೆಯಲಿ...

ಎಷ್ಟೋ ಹೊತ್ತು ಏನೂ ಇಲ್ಲ.

"ಏ ಕಸ್ತೂರೀ, ಸತ್ತೇನ?"

ಮೊಬೈಲಿನ ಬೆಳಕು ಓಡಿ ಬಂತು. ಅವಳು ಒಳನಳಿಗೆ ತಿರುವಿ ಎಳೆದಳು. ಗಾಳಿ ಸೀಟಿ ಹೊಡೆದಂತೆ ಒಳಗೆ ನುಗ್ಗಿತು.

ನಾನು ಸುಧಾರಿಸಿಕೊಂಡ ಮೇಲೆ ಅವಳು ಬಾಗಿಲ ಕಡೆ ಬೆಳಕು ಹಿಡಿದಳು. ಅಗಳಿ ಹಾಕಿದ್ದು ಹಾಕಿದಂತೆಯೇ ಇತ್ತು.

"ಅತ್ತೀ, ಆ ಮುದುಕಿ ಎಲ್ಲಿ ಹೋದ್ಲುರಿ?"

ತೂತಿಗೆ ಬೆರಳಿಟ್ಟು ಕೇಳಿದೆ, "ಯಾವ ಮುದುಕಿ?"

"ನನ್ನ ಕರದ್ಲಲ್ರಿ. ಗಂಡಸರಂಗ ದನಿ. ಸತ್ತೇನ ಅಂತ ಬೈದ್ಲು. ನಮ್ಮ ಮನ್ಯಾಗ ಯಾರೂ ಹಂಗ ಬೈಯಂಗಿಲ್ಲ."

"ಕನಸ ಬಿದ್ದಿರಬೇಕು. ಮಲ್ಕೋ," ಎಂದೆ. ಇಬ್ಬರೂ ಮಲಗಲಿಲ್ಲ.

ಬೆಳಗಾಯಿತು. ಒಳನಳಿಗೆ ಕುದಿಸಿ ತೊಳೆಯುತ್ತಾ ಅಂಗಳದಲ್ಲಿ ಕೂತಿದ್ದೆ. ಗೋಡೆಯಾಚೆಯಿಂದ ಖಾಸಿಂಬಿ ಇಣುಕಿದಳು. ನಾನು ಮದುವೆಯಾಗಿ ಬಂದಾಗಿನಿಂದ ಪಕ್ಕದ ಮನೆಯವಳು.

"ಯಕ್ಕಾ, ನಿನ್ನ ಬಾಯಿ ತಿರಗಿ ಬಂತಲ್ಲ. ಎಷ್ಟ ದಿನಾ ಆಗಿತ್ತು ಕೇಳಿ. ಪಾಪ, ಸೊಸಿಗೆ ರಾತ್ರಿನೂ ಬಿಡಂಗಿಲ್ಲೇನ?"

ನಳಿಗೆ ಎತ್ತಿಕೊಂಡು ಎದ್ದೆ. ಒಳಗೆ ಹೋದೆ.

ಜೀವ ಉಳಿಸಿತಲ್ಲ, ಕೈ ಮುಗಿ ಅನ್ನುತ್ತಾರೆ. ಯಾರೆಂದು ತಿಳಿಯದೆ ಯಾರಿಗೆ ಮುಗಿಯಲಿ? ಅದು ಮೂರನೆಯ ಸಲವೂ ಕರೆಯಿತು. ನನ್ನ ದನಿ ಅದರ ಹತ್ತಿರ ಇದೆ. ಸೊಸೆಯ ಹೆಸರೂ ಅದಕ್ಕೆ ಗೊತ್ತು. ನಾಳೆ ಬಾವಿಯ ಕಡೆಯಿಂದ ಕರೆದರೆ?

"ಇನ್ನ ಮ್ಯಾಲ ಯಾರು ಎಷ್ಟ ಸಲ ಕರದ್ರೂ ಏಳಬ್ಯಾಡ," ಎಂದೆ ಕಸ್ತೂರಿಗೆ.

"ನಿಮಗ ಉಸಿರು ಕಟ್ಟಿದ್ರ?"

"ನಾ ಕರಿಯಂಗಿಲ್ಲ. ಕೈ ಹಿಡದ ಎಬ್ಬಸ್ತೇನಿ."

ಹಾಸಿಗೆ ಸುತ್ತಿ ಎತ್ತಿಕೊಂಡು ಅವಳ ಕೋಣೆಗೆ ಹೋದೆ. ಅವಳ ಹಾಸಿಗೆಗೆ ತಾಗಿಸಿ ಹಾಸಿದೆ.