ಸ್ಕ್ರೂಗಿಂತ ಮೊದಲು ವಿಚಾರಣೆ

ಆ ಬೀದಿಯ ರಿಪೇರಿಯವನಿಗೆ ಜನ ಇಟ್ಟ ಹೆಸರು ವಿಚಾರಣೆಯಣ್ಣ. ಮೂವತ್ತು ವರ್ಷದಿಂದ ಅದೇ ಮೇಜು, ಅದೇ ದೀಪ, ಅದೇ ಹಟ: ಕೆಟ್ಟ ಸಾಮಾನಿನ ಕಥೆ ಪೂರ್ತಿ ಕೇಳದೆ ಸ್ಕ್ರೂಡ್ರೈವರ್ ಮುಟ್ಟುವವನಲ್ಲ. ಯಾವಾಗ ನಿಂತಿತು, ಯಾರು ಬೀಳಿಸಿದರು, ಬಿದ್ದ ಮೇಲೆ ಯಾರು ಗುದ್ದಿದರು, ಎಲ್ಲವೂ ಬೇಕು. "ಫ್ಯಾನ್ ಕೊಟ್ಟು ಬರೋಣ ಅಂತ ಹೋದೆ, ನಮ್ಮನೆ ಜಗಳನೆಲ್ಲ ಬಾಯಿ ಬಿಡಿಸಿ ಕಳಿಸಿದ" ಎಂದು ಪಕ್ಕದ ಕ್ಷೌರದಂಗಡಿಯವನು ಎಲ್ಲರನ್ನೂ ನಗಿಸಿದ್ದ.

ಒಂದು ಮಧ್ಯಾಹ್ನ, ಬಟ್ಟೆ ಹೊಲಿಯುವ ಅಕ್ಕ ಹಳೆಯ ಡಿಸ್ಕ್ ಪ್ಲೇಯರನ್ನು ಟವೆಲಿನಲ್ಲಿ ಸುತ್ತಿ, ಕೂಸು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಳು.

"ಅಣ್ಣಾ, ಟ್ರೇ ಹೊರಗೆ ಬರ್ತಿಲ್ಲ. ಒಳಗೆ ನಾದಿನಿ ಡಿಸ್ಕ್ ಸಿಕ್ಕಿಹಾಕಿಕೊಂಡಿದೆ. ತೀರಿಹೋದ ನಮ್ಮ ಮಾವನವರ ದನಿ ಇರೋದು ಅದೊಂದರಲ್ಲೇ. ಐದು ಗಂಟೆಗೆ ತಗೊಂಡು ಹೋಗೋಕೆ ಬರ್ತಾಳೆ."

"ಹೇಗೆ ಕೆಟ್ಟಿತು?"

"ತಾನಾಗೇ ನಿಂತುಹೋಯ್ತು."

"ಆಮೇಲೆ?"

"ಆಮೇಲೆ ಏನಿಲ್ಲ. ನೇರ ಇಲ್ಲಿಗೇ ತಂದೆ."

ಇಷ್ಟು ಗಿಡ್ಡ ಕಥೆಯನ್ನು ಅವನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಮತ್ತೆ ಕೇಳಿದ, ಅದೇ ಉತ್ತರ. ಸರಿ, ಕರೆಂಟ್ ಕೊಟ್ಟು ನೋಡೋಣವೆಂದು ಪ್ಲಗ್ ಕೈಗೆತ್ತಿಕೊಂಡ.

"ನೋಡು ತಂಗಿ, ಡಿಸ್ಕ್ ಜಾಗ ಬಿಟ್ಟು ಸರಿದಿದ್ರೆ ಕರೆಂಟ್ ಕೊಟ್ಟ ಕೂಡಲೇ ಗಿರ್ರಂತ ತಿರುಗಿ ಮೈಯೆಲ್ಲ ಗೀರಿಕೊಳ್ಳುತ್ತೆ. ಯಾರೂ ಅಲ್ಲಾಡಿಸಿಲ್ಲ ತಾನೆ?"

"ಅಯ್ಯೋ, ನಿಲ್ಲಿಸಿ ಅಣ್ಣ!" ಎಂದು ಅಕ್ಕ ಅವನ ಕೈಯನ್ನೇ ಹಿಡಿದುಕೊಂಡಳು. "ತಲೆಕೆಳಗೆ ಮಾಡಿ ಜಾಡಿಸಿದೆ. ಡಬ್ಬಿಯಿಂದ ಗುಂಡಿ ಉದುರಿಸ್ತೀವಲ್ಲ, ಹಾಗೆ. ಎರಡು ಸಲ."

"ಎರಡೇ ಸಲಾನಾ?"

"ಐದಾರು ಇರಬಹುದು."

"ಹಾಂ, ಈಗ ಕಥೆ ಆಯ್ತು" ಎಂದು ಅವನು ಪ್ಲಗ್ ಕೆಳಗಿಟ್ಟು ಮುಚ್ಚಳ ಬಿಚ್ಚಿದ. ಡಿಸ್ಕ್ ತನ್ನ ಗುಳಿಯಿಂದೆದ್ದು ಓರೆಯಾಗಿ ಕೂತಿತ್ತು. ಟ್ರೇ ಮೋಟರಿನ ತಂತಿ ಕಳಚಿ ಜೋತಾಡುತ್ತಿತ್ತು. ಡಿಸ್ಕ್ ಓದುವ ಲೆನ್ಸಿನ ಪಟ್ಟಿ ಕೇಬಲ್ಲು ಅರ್ಧ ಹೊರಗೆ ಇಣುಕಿತ್ತು. ಎಷ್ಟು ದಿನದಿಂದ ಸಡಿಲವಾಗಿದ್ದವೋ, ಜಾಡಿಸಿದ್ದೇ ನೆಪವಾಗಿತ್ತು. ಅವನು ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಡಿಸ್ಕನ್ನು ದೀಪಕ್ಕೊಡ್ಡಿದ. ಅಕ್ಕ ಮೇಜಿನ ಮೇಲೆ ಬಾಗಿ ನೋಡಿದಳು.

"ಒಂದು ಗೆರೆಯೂ ಇಲ್ಲ."

ಕೇಬಲ್ಲಿನ ತುದಿ ಒರೆಸಿ, ನೆಟ್ಟಗೆ ಒಳಗಿಟ್ಟು, ಅದರ ಪುಟ್ಟ ಚಿಲಕ ಒತ್ತಿದ. ತಂತಿಯನ್ನು ಟಕ್ಕೆನ್ನುವ ತನಕ ಅದುಮಿದ. ಆಮೇಲೆ ಡಿಸ್ಕನ್ನು ಗುಳಿಯಲ್ಲಿ ಕೂರಿಸಿ ಕರೆಂಟ್ ಕೊಟ್ಟ. ಟ್ರೇ ಹೊರಗೆ ಬಂತು, ಒಳಗೆ ಹೋಯಿತು. ಒಂದು ಕೆಮ್ಮು. ಹಿಂದೆಯೇ ಮುದುಕರ ದನಿ: "ಇದು ಓಡ್ತಾ ಇದೆಯೇನಮ್ಮಾ?"

"ಓಡ್ತಾ ಇದೆ ಮಾವ!" ಎಂದುಬಿಟ್ಟಳು ಅಕ್ಕ. ನಗು, ಅಳು ಎರಡೂ ಒಟ್ಟಿಗೆ ಬಂದವು. ಕಣ್ಣೊರೆಸಿಕೊಂಡು ಮೆಲ್ಲಗೆ, "ಜಾಡಿಸಿದ್ದು ನಾದಿನಿಗೆ ಹೇಳಬೇಡಿ ಅಣ್ಣ" ಎಂದಳು.

"ನಾನು ಮಿಷನ್ ರಿಪೇರಿ ಮಾಡೋನು ತಾಯಿ, ಮನೆ ಮುರಿಯೋನಲ್ಲ. ಕೂತ್ಕೋ, ಐದಕ್ಕೆ ಇನ್ನೂ ಹೊತ್ತಿದೆ."

ಅಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಮಾವನವರ ಮಾತು ಕೊನೆಯ ತನಕ ಎಲ್ಲೂ ತೊಡರಲಿಲ್ಲ.