ಕಪ್ಪು ಹೊಗೆ ಬೇಕೆಂದವರು

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಸೂರತ್ತಿನ ವಿಮಾ ಕಚೇರಿಯೊಂದರಲ್ಲಿ ನನಗೆ ಕೆಲಸ, ಅದೇ ಊರಿನ ಉಧ್ನಾದಲ್ಲಿ ಬಾಡಿಗೆ ಮನೆ. ಹುಬ್ಬಳ್ಳಿಯಲ್ಲಿ ಉಗಿಬಂಡಿಗೆ ಕಲ್ಲಿದ್ದಲು ಹಾಕುತ್ತ, ಆಮೇಲೆ ಅದನ್ನೇ ಓಡಿಸುತ್ತ ನಿವೃತ್ತರಾದ ಅಪ್ಪ ನನ್ನ ಜೊತೆಗಿದ್ದರು. ಅವರಿಗೊಂದು ಕೊರಗು. ಇಡೀ ಸರ್ವಿಸಿನಲ್ಲಿ ಇಂಜಿನ್ ಮೇಲೆ ನಿಂತ ಒಂದು ಫೋಟೊ ಇರಲಿಲ್ಲ. ಇದ್ದದ್ದು ಮದುವೆಯದು ಮತ್ತು ಬೀಳ್ಕೊಡುಗೆಯದು. ಎರಡರಲ್ಲೂ ಹಾರ ಹಾಕಿಕೊಂಡು ಹೆದರಿದವರಂತೆ ಕೂತಿದ್ದರು.

ಹಾಗಿರುವಾಗ ಅಹಮದಾಬಾದಿನ ಉಗಿಬಂಡಿ ಹುಚ್ಚರ ಗುಂಪೊಂದು ವಡೋದರಾದ ಹತ್ತಿರ, ಸಣ್ಣ ಹಳಿಯ ಮೇಲೆ ಹಳೇ ಇಂಜಿನ್ನಿನ ವಿಹಾರ ಇಟ್ಟುಕೊಂಡಿತು. ಚಾಲಕರೇನೋ ಇದ್ದರು, ಬೆಂಕಿ ನೋಡಿಕೊಳ್ಳಲು ಪಳಗಿದ ಕೈ ಬೇಕಿತ್ತು. ರೈಲ್ವೆಯ ಪರಿಚಯದವರೊಬ್ಬರು ಅಪ್ಪನ ಹೆಸರು ಹೇಳಿದರು. ಅಪ್ಪ ನೀಲಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು.

"ಎಲ್ಲಾರ ಕೈಯಾಗೂ ಕ್ಯಾಮೆರಾ ಇರತಾವ. ಯಾವುದರಾಗರ ಬಂದೇ ಬರತೀನಿ" ಅಂದರು.

ಈ ಹುಚ್ಚರದೊಂದು ಪದ್ಧತಿ. ಬಯಲಿನಲ್ಲಿ ರೈಲು ನಿಲ್ಲಿಸಿ ಎಲ್ಲರೂ ಇಳಿಯುತ್ತಾರೆ. ಖಾಲಿ ರೈಲು ಹಿಂದಕ್ಕೆ ಹೋಗಿ, ಮಹಾ ಅವಸರವಿದ್ದ ಹಾಗೆ ಇವರ ಮುಂದೆ ಹಾದುಹೋಗಬೇಕು. ಇವರು ಸಾಲಾಗಿ ನಿಂತು ಫೋಟೊ ಹೊಡೆಯಬೇಕು. ಆಮೇಲೆ ಅದೇ ರೈಲು ಬಂದು ಹತ್ತಿಸಿಕೊಳ್ಳುತ್ತದೆ. ಅಪ್ಪನ ಜೊತೆಗೆ ಬಂದಿದ್ದ ನಾನೂ ಬಿಸಿಲಲ್ಲಿ ಜಾಲಿಮುಳ್ಳಿನ ನಡುವೆ ನಿಂತು, ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಗೊಣಗಿಕೊಂಡೆ.

ರೈಲು ಬಂತು. ಅಪ್ಪ ಅರ್ಧ ಮೈ ಹೊರಗೆ ಚಾಚಿ, ನಮ್ಮ ಕಡೆಗೇ ಮುಖ ಮಾಡಿ ನಿಂತಿದ್ದರು. ಚಿಮಣಿಯಲ್ಲಿ ಬರೀ ತೆಳು ಮಬ್ಬು. ಹೊಗೆಯೇ ಇಲ್ಲವೆಂದು ಸಾಲಿನಲ್ಲಿ ಗುಜುಗುಜು ಎದ್ದಿತು. ಗುಂಪಿನ ಮುಖಂಡ ಕೈ ಬೀಸಿ ರೈಲು ನಿಲ್ಲಿಸಿ ಇಂಜಿನ್ನಿನ ಹತ್ತಿರ ಓಡಿದ, ಹಿಂದೆಯೇ ನಾನೂ ಹೋದೆ. "ಚಾಚಾ, ಧುಆಂ ಕಹಾಂ ಹೈ? ಕಾಲಾ ಚಾಹಿಯೇ, ಏಕ್‌ದಮ್ ಕಾಲಾ!"

ಅಪ್ಪನ ಮುಖ ಸಣ್ಣದಾಯಿತು. ಅವರ ಕೆಲಸದಲ್ಲಿ ಕಪ್ಪು ಹೊಗೆ ಎಂದರೆ ಕಲ್ಲಿದ್ದಲು ಸರಿಯಾಗಿ ಉರಿಯದೆ ದಂಡವಾಗುತ್ತಿದೆ ಎಂದರ್ಥ. ಸ್ಟೇಷನ್ನಿನಲ್ಲಿ ಹಾಗೆ ಹೊಗೆ ಬಿಟ್ಟರೆ ಮೇಲಿನವರು ನಾಲ್ಕು ಜನರೆದುರು ಮಾನ ಕಳೆಯುತ್ತಿದ್ದರು.

"ಬೆಂಕಿ ಛಲೋ ಐತಿ, ಅದಕ್ಕ ಹೊಗಿ ಇಲ್ಲ. ಅವಗ ತಿಳಿಸಿ ಹೇಳು" ಅಂದರು ನನಗೆ.

ಹಿಂದಿಯಲ್ಲಿ ಹೇಳಿದೆ. ಫೋಟೊದಲ್ಲಿ ಬೆಂಕಿ ಎಲ್ಲಿ ಕಾಣುತ್ತದೆ ಅಕ್ಕಾ ಎಂದು ಆತ ನಕ್ಕ. ನನಗೆ ಮೈಯೆಲ್ಲ ಉರಿಯಿತು. "ಇಳೀರಿ ಅಪ್ಪಾ, ಮನಿಗೆ ಹೋಗೂಣು" ಅಂದೆ. ಅಪ್ಪ ಕ್ಯಾಮೆರಾಗಳ ಸಾಲನ್ನೊಮ್ಮೆ ನೋಡಿದರು.

"ಇಷ್ಟು ದೂರ ಬಂದೀವಿ" ಎಂದು ಸಲಿಕೆ ಕೈಗೆತ್ತಿಕೊಂಡರು.

ಎರಡನೇ ಸಲ ಬಂದಾಗ ಆಕಾಶವೇ ಕಪ್ಪಾಯಿತು. ಶಿಳ್ಳೆ, ಚಪ್ಪಾಳೆ, ಕ್ಯಾಮೆರಾಗಳ ಚಟಪಟ. ನನಗೆ ಅಳು ಬಂತು. ಇಷ್ಟು ವರ್ಷ ಅಪ್ಪ ಯಾವುದನ್ನು ಮಾಡಬಾರದೆಂದು ಕಲಿತಿದ್ದರೋ ಅದನ್ನೇ ಮಾಡಿಸಿಕೊಂಡು ಜನ ಕೇಕೆ ಹಾಕುತ್ತಿದ್ದರು.

ಮರಳುವಾಗ ರೈಲಿನಲ್ಲಿ ಅಪ್ಪ ಒಂದೇ ಮಾತು ಕೇಳಿದರು. "ಫೋಟೊದಾಗ ಬಂದಿರಬೇಕು, ಅಲ್ಲಾ?"

ಕೆಲವು ವಾರಗಳ ನಂತರ ಆ ಗುಂಪಿನವರಿಂದ ದೊಡ್ಡ ಲಕೋಟೆ ಬಂತು. ಅಪ್ಪ ಕೈ ತೊಳೆದು, ಕನ್ನಡಕ ಒರೆಸಿಕೊಂಡು ಬಿಚ್ಚಿದರು. ಚಿತ್ರ ಚೆನ್ನಾಗಿಯೇ ಇತ್ತು. ಗಾಲಿಗಳು ಹೊಳೆಯುತ್ತಿದ್ದವು. ಗಾಳಿ ಹೊಗೆಯನ್ನು ಕೆಳಗೆ ಒತ್ತಿ, ಚಾಲಕರ ಜಾಗವನ್ನು ಪೂರಾ ಮುಚ್ಚಿಬಿಟ್ಟಿತ್ತು. ಅಪ್ಪ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು.

"ಇಲ್ಲೇ ನಿಂತಿದ್ದೆ" ಎಂದು ಆ ಕಪ್ಪಿನ ಮೇಲೆ ಬೆರಳಿಟ್ಟರು. ಆಮೇಲೆ, "ಮೊದಲನೇ ಸಲ ಹಾದುಹೋದೆನಲ್ಲ, ಆಗ ಯಾರರ ತಗದಿರತಾರ. ಫೋನ್ ಮಾಡಿ ಕೇಳು" ಅಂದರು.

ಕೇಳಿದೆ. ಮುಖಂಡ ಪಾಪ ಸಜ್ಜನನೇ, ನೆನಪು ಮಾಡಿಕೊಂಡು ಹೇಳಿದ. ಆ ಸಲ ಹೊಗೆಯೇ ಇರಲಿಲ್ಲವಲ್ಲ, ಯಾರೂ ರೀಲು ದಂಡ ಮಾಡಲಿಲ್ಲವಂತೆ.

ಫೋನಿಟ್ಟೆ. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದರು.

"ಹುಡುಕಿ ಕಳಸತಾರಂತ" ಅಂದೆ.

"ಅವಸರಿಲ್ಲ ಅಂತ ಹೇಳಬೇಕಿತ್ತಲ್ಲ" ಅಂದರು ಅಪ್ಪ.