ಬಂಗುಡೆ ತಂದ ಶನಿವಾರ

ನನ್ನ ತವರು ಕುಂದಾಪುರದ ಕಡೆ. ಗಂಡನದು ಬೆಂಗಳೂರು, ಮೊಟ್ಟೆಯನ್ನೂ ಮುಟ್ಟದ ಮನೆ. ಮೀನು ಬಿಡು ಎಂದು ಅವರು ಒಂದು ದಿನವೂ ಹೇಳಿದವರಲ್ಲ, ಮದುವೆಯಾದ ಮೇಲೆ ನಾನೇ ಬಿಟ್ಟೆ. ಇಂಗ್ಲೆಂಡಿನ ಡರ್ಬಿಗೆ ಬಂದು ನಮ್ಮದೇ ಮನೆ ಮಾಡಿದಾಗಲೂ ಅಡುಗೆಮನೆಗೆ ಮೀನು ಬರಲಿಲ್ಲ. ತೀರಾ ಆಸೆಯಾದರೆ ಗೆಳತಿಯ ಮನೆಯಲ್ಲಿ ತಿಂದು, ಏಲಕ್ಕಿ ಅಗಿಯುತ್ತ ವಾಪಸಾಗುತ್ತಿದ್ದೆ.

ನಲವತ್ತೆಂಟಕ್ಕೆ ನನಗೆ ಸಕ್ಕರೆ ಕಾಯಿಲೆ ಶುರುವಾಯಿತು. ಮರುವರ್ಷ ಕೊಲೆಸ್ಟ್ರಾಲೂ ಏರಿತ್ತು. ಇಲ್ಲಿ ಜಿಪಿ ಎನ್ನುವ ನಮ್ಮ ಮಾಮೂಲಿ ಡಾಕ್ಟರು ಮಾತ್ರೆ ಬರೆದುಕೊಟ್ಟು ಡಯಟಿಷಿಯನ್ ಹತ್ತಿರ ಕಳಿಸಿದರು. ಆಕೆ ಸಮಾಧಾನದ ಹೆಂಗಸು. ನಾನು ತಿನ್ನುವುದನ್ನೆಲ್ಲ ಬರೆದುಕೊಂಡು, ಸಕ್ಕರೆಯೊಂದನ್ನೇ ನೋಡಿದರೆ ಸಾಲದು, ಡಯಾಬಿಟಿಸ್ ಇದ್ದವರು ಹೃದಯವನ್ನೂ ಕಾಪಾಡಿಕೊಳ್ಳಬೇಕು, ಹಾಗಾಗಿ ಎಂಥ ಕೊಬ್ಬು ತಿನ್ನುತ್ತೀರಿ ಅನ್ನುವುದು ಮುಖ್ಯ ಎಂದರು. ತುಪ್ಪ, ತೆಂಗಿನಕಾಯಿ ಕಡಿಮೆ ಮಾಡಿ, ಒಗ್ಗರಣೆಗೆ ಸಾಸಿವೆ ಜಾತಿಯ ರೇಪ್‌ಸೀಡ್ ಎಣ್ಣೆ ಬಳಸಿ, ಮೀನು ತಿನ್ನುವವರಾದರೆ ವಾರಕ್ಕೆರಡು ಸಲ ಮ್ಯಾಕರೆಲ್‌ನಂಥ ಎಣ್ಣೆಮೀನು ತಿನ್ನಿ, ಅದರ ಕೊಬ್ಬು ಹೃದಯಕ್ಕೆ ಒಳ್ಳೆಯದು ಎಂದರು. ಮ್ಯಾಕರೆಲ್ ಅಂದರೆ ನಮ್ಮ ಬಂಗುಡೆಯ ದಾಯಾದಿ. ಪಕ್ಕದಲ್ಲಿದ್ದ ಗಂಡ, ಮೀನೆಣ್ಣೆ ಕ್ಯಾಪ್ಸೂಲ್ ನುಂಗಿದರೆ ಆಗುವುದಿಲ್ಲವೇ ಎಂದು ಕೇಳಿದರು. ಅದಕ್ಕಿಂತ ತಟ್ಟೆಯಲ್ಲಿರುವ ಮೀನೇ ಮೇಲು ಎಂದರು ಆಕೆ. ಕಾರಿನಲ್ಲಿ ಮನೆಯವರೆಗೂ ಇವರು ತುಟಿ ಬಿಚ್ಚಲಿಲ್ಲ. ಬೇಸರವಾಗಿರಬೇಕು ಅಂದುಕೊಂಡೆ.

ಶನಿವಾರ ಬೆಳಿಗ್ಗೆ ಎಲ್ಲಿಗೆಂದು ಹೇಳದೆ ಹೊರಟರು. ಅರ್ಧ ಗಂಟೆಗೆ ಫೋನ್ ಬಂತು.

"ಮೀನಂಗಡಿ ಮುಂದೆ ನಿಂತಿದ್ದೀನಿ. ಬೆನ್ನ ಮೇಲೆ ಪಟ್ಟೆಪಟ್ಟೆ ಇರೋದು ತಾನೆ?"

ಹೌದು, ಅದೇ ಎಂದೆ. ಆಮೇಲೆ, ಕಣ್ಣು ಹೊಳೆಯುತ್ತಿರಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದರೆ ತಗ್ಗು ನಿಲ್ಲಬಾರದು ಎಂದು ಹೇಳಿಕೊಟ್ಟೆ.

"ನಾನೇ ಒತ್ತಬೇಕಾ?"

"ನೀವೇ."

ಆ ಕಡೆ ಐಸು ಸರಿಸಿದ ಸದ್ದಾಯಿತು. ಕೊನೆಗೆ, "ಒತ್ತಿದೆ ಕಣೇ. ತಗ್ಗು ನಿಲ್ಲಲಿಲ್ಲ," ಎಂದರು. ವಿಮಾನದ ಎಂಜಿನ್ ಭಾಗಗಳನ್ನು ತಪಾಸಣೆ ಮಾಡಿ ಪಾಸು ಮಾಡುವುದೇ ಅವರ ಕೆಲಸ. ಮೀನನ್ನೂ ಅದೇ ದನಿಯಲ್ಲಿ ಪಾಸು ಮಾಡಿದರು.

ಒಣಮೆಣಸು, ಕೊತ್ತಂಬರಿ, ಹುಣಸೆಹುಳಿ ಅರೆದು ಮೀನಿಗೆ ಹಚ್ಚಿ, ಒಂದು ಚಮಚ ಎಣ್ಣೆ ಸವರಿ ಓವನ್ನಿನಲ್ಲಿಟ್ಟೆ. ವಾಸನೆ ಏಳುತ್ತಿದ್ದಂತೆ ಇವರು ಕಿಟಕಿಗಳನ್ನೆಲ್ಲ ತೆರೆದರು. ಫೆಬ್ರವರಿಯ ಗಾಳಿ ಒಳನುಗ್ಗಿತು. ಕೋಟು ತೊಟ್ಟು, ಚಪಾತಿ ಪಲ್ಯದ ತಟ್ಟೆ ಹಿಡಿದು ನನ್ನೆದುರೇ ಕೂತರು. ನಾನು ಮುಳ್ಳು ಬಿಡಿಸಿ, ತಲೆಯನ್ನೂ ಬಿಡದೆ ಚೀಪಿದೆ.

"ಇಷ್ಟು ಇಷ್ಟ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

"ನಿಮಗೆ ಕಷ್ಟ ಆಗತ್ತೆ ಅಂತ."

"ಕಷ್ಟವೇ," ಎಂದು ಮೂಗು ಮುಚ್ಚಿಕೊಂಡು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. ಮಾತ್ರೆ, ನಡಿಗೆ, ಊಟ ಮೂರೂ ಸೇರಿ ಆದದ್ದು ಎಂದರು ಜಿಪಿ. ಇವರು ಇವತ್ತಿಗೂ ಮೀನು ತಿನ್ನುವುದಿಲ್ಲ, ಆದರೆ ಮೀನಂಗಡಿಗೆ ಹೋಗುವುದನ್ನು ಬಿಟ್ಟಿಲ್ಲ. ಒಂದು ಸಲ ಸಾರ್ಡೀನ್ ತಂದು, ನಿಮ್ಮ ಕಡೆ ಇದಕ್ಕೇನು ಹೆಸರು ಎಂದು ಕೇಳಿದರು. ಬೈಗೆ ಎಂದೆ. "ಬೈಗೆ," ಎಂದು ಎರಡು ಸಲ ಹೇಳಿಕೊಂಡು, ನನಗಿಂತ ಮುಂಚೆ ಕಿಟಕಿ ತೆರೆಯಲು ಹೋದರು.